ಮೋಟಾರಿನ ದಿನಚರ್ಯೆಯೂ ಋತುಚರ್ಯೆಯೂ

ವಾಹನವು ಎಷ್ಟು ಘನವಾದುದೋ ಅದರ ಪರಿಚರ್ಯೆಯೂ ಅಷ್ಟೇ ನಿಯತವಾಗಿರಬೇಕೆಂಬುದು ಭರತಖಂಡದ ಪೂರ್ವಿಕರಿಗೆ ಹೊಸ ಮಾತಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷ, ಹಸ್ತ್ಯಧ್ಯಕ್ಷ, ರಥಾಧ್ಯಕ್ಷರೆಂಬ ಅಧಿಕಾರಿಗಳ ಕರ್ತವ್ಯಗಳು ಬೇರೆ ಬೇರೆಯಾಗಿ ನಿರೂಪಿತವಾಗಿವೆ. ಕುದುರೆಯ ಆಹಾರದ ಅಳತೆ, ಅದರ ಸ್ನಾನ, ವ್ಯಾಯಾಮ, ಚಿಕಿತ್ಸೆ ಇವೆಲ್ಲವೂ ಅಲ್ಲಿ ರಾಜ್ಯಾಂಗದ ವಿಷಯಗಳೇ ಆಗಿವೆ. ಕನ್ನಡದಲ್ಲಿಯೂ ಚಾಲುಕ್ಯವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿ ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿದನು. ಇನ್ನು ಮನುಷ್ಯಶರೀರದ ವಿಚಾರಕ್ಕೆ ಬಂದರೆ, ವಾಗ್ಭಟನು ತನ್ನ ಅಷ್ಟಾಂಗಹೃದಯದ ಆರಂಭದಲ್ಲಿಯೇ, ರೋಗಗಳ ಮಾತನ್ನೆತ್ತುವುದಕ್ಕೆ ಮೊದಲು, ದಿನಚರ್ಯೆಗೆ ಒಂದು ಅಧ್ಯಾಯವನ್ನೂ ಋತುಚರ್ಯೆಗೆ ಒಂದು ಅಧ್ಯಾಯವನ್ನೂ ಮೀಸಲಾಗಿಟ್ಟಿದ್ದಾನೆ. ಕೆಟ್ಟ ಮೇಲೆ ಸರಿಪಡಿಸುವುದು ಚಿಕಿತ್ಸೆ. ಕೆಡದಂತೆ ಕಾಲಕಾಲಕ್ಕೆ ನೋಡಿಕೊಳ್ಳುವುದು ಚರ್ಯೆ. ಇವೆರಡರಲ್ಲಿ ಚರ್ಯೆಯೇ ಅಲ್ಪವ್ಯಯದ್ದೂ ಬಹುಫಲದ್ದೂ ಆಗಿದೆಯೆಂಬುದು ಆ ಗ್ರಂಥಕ್ರಮದಿಂದಲೇ ಸ್ಪಷ್ಟವಾಗುತ್ತದೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅರಸರ ಅರಮನೆಗಳಿಗೆ ಹೊಸ ವಾಹನವೊಂದು ಬಂದಿತು. ಅದಕ್ಕೆ ಹುಲ್ಲು ಬೇಡ, ಹುರುಳಿ ಬೇಡ. ಅದು ಸೀನುವುದಿಲ್ಲ, ಕೆನೆಯುವುದಿಲ್ಲ. ಆದುದರಿಂದ ಅದಕ್ಕೆ ಪರಿಚರ್ಯೆಯೇ ಬೇಡವೆಂದು ಹಲವರು ತಿಳಿದರು. ಆ ತಿಳಿವಳಿಕೆ ಎಷ್ಟು ತಪ್ಪಾದುದೆಂಬುದನ್ನು ಈ ದೇಶದ ಬಿಸಿಲೂ ಧೂಳಿಯೂ ಬಹುಬೇಗ ಕಲಿಸಿದುವು. ಬೆಲೆಯುಳ್ಳ ಮೋಟಾರು ಉಷ್ಣದೇಶದಲ್ಲಿ ಭರವಸೆಯಿಂದ ಓಡಬೇಕಾದರೆ ಅದಕ್ಕೆ ಯಾವ ಕಾಲನಿಯಮ ಬೇಕು, ಆ ನಿಯಮವು ಹೇಗೆ ರೂಪುಗೊಂಡಿತು, ಅದನ್ನು ನಡೆಸಿಕೊಂಡು ಬಂದವರು ಯಾರು ಎಂಬುದರ ಚರಿತ್ರೆಯು ಕುತೂಹಲಕರವಾದುದಷ್ಟೇ ಅಲ್ಲ, ಬೋಧಪ್ರದವೂ ಆಗಿದೆ.

ಬೆಲ್ಲದ ಬಾಗೇವಾಡಿಯ ಕಡೆಯ ವಾಚಕರಿಗೆ ಈ ವಿಷಯದ ಮೊದಲ ಪಾಠವು ಮೋಟಾರಿಗಿಂತ ಹಿಂದೆಯೇ ಚಕ್ಕಡಿಯಿಂದ ದೊರೆತಿತ್ತು. ಹುಕ್ಕೇರಿ, ಗೋಕಾಕ ಸೀಮೆಗಳ ಕಬ್ಬು ಬೆಲ್ಲಗಳು ಎತ್ತಿನ ಚಕ್ಕಡಿಗಳಲ್ಲಿ ಪೇಟೆಗೆ ಹೋಗುತ್ತಿದ್ದ ಕಾಲದಲ್ಲಿ, ಚಕ್ಕಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟವು ತೂಗಾಡದ ಬಂಡಿಯನ್ನು ಕಾಣುವುದು ದುರ್ಲಭವಾಗಿತ್ತು. ಔಡಲೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಮಾಡಿದ ಆ ಕೀಲೆಣ್ಣೆಯನ್ನು ಗಾಲಿಯ ಗುಂಬಕ್ಕೂ ಅಚ್ಚಿಗೂ ಸವರದೆ ದೂರದ ಹಾದಿಯನ್ನು ಹಿಡಿದ ರೈತನಿರಲಿಲ್ಲ. ಗಾಲಿ ಕಿರುಗುಟ್ಟಿದ ಮೇಲೆ ಎಣ್ಣೆ ಹಾಕುವವನು ದಡ್ಡನೆಂದೂ, ಕಿರುಗುಟ್ಟುವುದಕ್ಕೆ ಮೊದಲೇ ಹಾಕುವವನು ಜಾಣನೆಂದೂ ಊರಿನವರು ಅಳೆಯುತ್ತಿದ್ದರು. ಬೇಸಗೆಯಲ್ಲಿ ಕೀಲೆಣ್ಣೆ ಬೇಗನೆ ತೆಳುವಾಗಿ ಸೋರುವುದೆಂದೂ, ಆದುದರಿಂದ ಆ ಕಾಲದಲ್ಲಿ ಸವರುವ ಸರತಿ ಹೆಚ್ಚಬೇಕೆಂದೂ ಅವರು ಅನುಭವದಿಂದ ಬಲ್ಲವರಾಗಿದ್ದರು. ಉಷ್ಣದೇಶದ ಯಂತ್ರಪರಿಚರ್ಯೆಯ ಮೂಲಸೂತ್ರವೆಲ್ಲ ಈ ಒಂದು ಅನುಭವದಲ್ಲಿ ಅಡಗಿದೆ. ವಿನೋದದ ಸಂಗತಿಯೆಂದರೆ, ಅದೇ ಔಡಲೆಣ್ಣೆಯು ಮುಂದೆ ಮೋಟಾರಿನ ಒಳಗನ್ನೂ ಪ್ರವೇಶಿಸಿತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿಯವರು ೧೯೦೯ರಲ್ಲಿ ಔಡಲೆಣ್ಣೆಯನ್ನು ಬೆರೆಸಿ ಮಾಡಿದ ಇಂಜಿನಿನ ಎಣ್ಣೆಗೆ ‘ಕ್ಯಾಸ್ಟ್ರೋಲ್’ ಎಂಬ ಹೆಸರನ್ನಿಟ್ಟರು. ಆ ಹೆಸರು ಔಡಲದ ಇಂಗ್ಲಿಷ್ ಹೆಸರಿನಿಂದಲೇ ಹುಟ್ಟಿದುದು. ಚಕ್ಕಡಿಯ ಗೊಟ್ಟದಲ್ಲಿದ್ದ ಗುಣವೇ ವಿಲಾಯತಿಯ ಡಬ್ಬಿಯಲ್ಲಿ ಮರಳಿ ಬಂದಿತೆಂದರೆ ತಪ್ಪಾಗಲಾರದು.

ಇನ್ನು ಮೋಟಾರಿನ ಚರಿತ್ರೆಗೆ ಬರಬಹುದು. ೧೯೦೬ರ ಕೊನೆಯಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ರೋಲ್ಸ್‌–ರಾಯ್ಸ್ ಕಂಪನಿಯವರು ೪೦/೫೦ ಅಶ್ವಶಕ್ತಿಯ ಆರು ಸಿಲಿಂಡರುಗಳ ಹೊಸ ಮೋಟಾರನ್ನು ಜನರ ಮುಂದಿಟ್ಟರು. ಲೋಕವು ಅದನ್ನು ಮುಂದೆ ‘ಸಿಲ್ವರ್ ಘೋಸ್ಟ್’ ಎಂದು ಕರೆಯಿತು. ೧೯೦೭ರಲ್ಲಿ ಅದೇ ಮಾದರಿಯ ಒಂದು ವಾಹನವನ್ನು ಲಂಡನ್ ಮತ್ತು ಗ್ಲಾಸ್ಗೋ ನಗರಗಳ ನಡುವೆ ಹಗಲಿರುಳು ಓಡಿಸಿ ೧೫,೦೦೦ ಮೈಲುಗಳ ಪರೀಕ್ಷೆಗೆ ಒಳಪಡಿಸಲಾಯಿತು. ಅದರಲ್ಲಿ ೧೪,೩೭೧ ಮೈಲುಗಳನ್ನು ಅದು ಯಂತ್ರದೋಷದಿಂದ ಒಮ್ಮೆಯೂ ನಿಲ್ಲದೆ ಕ್ರಮಿಸಿತು. ಪರೀಕ್ಷೆ ಮುಗಿದ ಮೇಲೆ ಯಂತ್ರವನ್ನು ಬಿಚ್ಚಿ ಅಳೆದು ನೋಡಲಾಗಿ, ಸವೆದ ಭಾಗಗಳನ್ನು ಹೊಸದಾಗಿಸಲು ಬೇಕಾದುದು ಎರಡು ಪೌಂಡು ಚಿಲ್ಲರೆ ಮಾತ್ರವೆಂದು ಕಂಡುಬಂದಿತು. ಈ ಸುದ್ದಿಯು ಹಿಂದುಸ್ಥಾನದ ಸಂಸ್ಥಾನಿಕರ ಕಿವಿಗೂ ಬೀಳದೆ ಇರಲಿಲ್ಲ. ಆದರೆ ಸ್ಕಾಟ್ಲಂಡಿನ ತಣ್ಣನೆಯ ಗಾಳಿಯಲ್ಲಿ ಗೆದ್ದ ಯಂತ್ರವು ಸಹ್ಯಾದ್ರಿಯ ಘಟ್ಟಗಳಲ್ಲಿ, ದಖ್ಖನದ ಕೆಂಧೂಳಿಯಲ್ಲಿ ಗೆಲ್ಲುವುದೋ ಎಂಬ ಪ್ರಶ್ನೆ ಉಳಿದೇ ಇದ್ದಿತು.

ಆ ಪ್ರಶ್ನೆಗೆ ಉತ್ತರವು ದೊರೆತುದು ಹುಕ್ಕೇರಿ ಸೀಮೆಯ ನೆರೆಯಲ್ಲಿಯೇ. ೧೯೦೮ರಲ್ಲಿ ಮುಂಬಯಿ–ಕೊಲ್ಲಾಪುರದ ಮೋಟಾರು ಪರೀಕ್ಷೆಯು ನಡೆಯಿತು. ಒಟ್ಟು ಹಾದಿ ೬೨೦ ಮೈಲು. ನಡುವೆ ಸಹ್ಯಾದ್ರಿಯ ಆರು ಘಟ್ಟಗಳು. ಮುಂಬಯಿಯಿಂದ ಕೊಲ್ಲಾಪುರಕ್ಕೆ ನೇರವಾದ ದಾರಿಯು ಇದಕ್ಕಿಂತ ಬಹಳ ಕಡಿಮೆಯಿದೆ.  ಆ ಕಾಲಕ್ಕೆ ಕೊಲ್ಲಾಪುರದ ಸಿಂಹಾಸನದಲ್ಲಿದ್ದವರು ಶಾಹು ಮಹಾರಾಜರು. ‘ಪೂರ್ವದೇಶದ ಮುತ್ತು’ ಎಂಬರ್ಥದ ಹೆಸರನ್ನು ಹೊತ್ತ ಒಂದು ೪೦/೫೦ ರೋಲ್ಸ್‌–ರಾಯ್ಸ್ ಆ ಪರೀಕ್ಷೆಯಲ್ಲಿ ವಿಜಯಿಯಾಯಿತು. ಅನಂತರ ಗ್ವಾಲೇರಿಯ ಮಹಾರಾಜರು ಅದನ್ನು ಕೊಂಡುಕೊಂಡರು. ಸಂಸ್ಥಾನಿಕರ ಅರಮನೆಗಳಲ್ಲಿ ಆ ಕಂಪನಿಯ ವಾಹನಗಳಿಗೆ ದೊರೆತ ಪ್ರತಿಷ್ಠೆಯು ಈ ಘಟನೆಯಿಂದ ಬಹುಮಟ್ಟಿಗೆ ದೃಢವಾಯಿತೆಂದು ಹೇಳಬಹುದು. ಹೈದರಾಬಾದಿನ ನಿಜಾಮರು, ಮೈಸೂರಿನ ಒಡೆಯರು ಮೊದಲಾದವರ ಮೋಟಾರುಖಾನೆಗಳು ಮುಂದಿನ ದಶಕಗಳಲ್ಲಿ ಲೋಕಪ್ರಸಿದ್ಧವಾದುವು.

ಆದರೆ ಒಂದು ಪರೀಕ್ಷೆಯಲ್ಲಿ ಗೆಲ್ಲುವುದು ಬೇರೆ, ಮೂವತ್ತು ವರುಷ ಬಾಳುವುದು ಬೇರೆ. ಪರೀಕ್ಷೆಯ ವಾಹನಕ್ಕೆ ಹೆಜ್ಜೆಹೆಜ್ಜೆಗೂ ಬಲ್ಲ ಕೈಗಳಿರುತ್ತವೆ. ಅರಮನೆಯ ವಾಹನಕ್ಕೆ ಆ ಕೈಗಳನ್ನು ಹೊಸದಾಗಿ ಸಿದ್ಧಪಡಿಸಬೇಕಾಯಿತು. ವಾಹನವನ್ನು ನಿರ್ಮಿಸಿದವರು ಇದನ್ನು ಅರಿತಿದ್ದರು. ಆದುದರಿಂದಲೇ ರೋಲ್ಸ್‌–ರಾಯ್ಸ್ ಕಂಪನಿಯವರು ಚಾಲಕರಿಗಾಗಿ ಒಂದು ಶಾಲೆಯನ್ನೇ ತೆರೆದು, ಓಡಿಸುವುದರ ಜೊತೆಗೆ ಯಂತ್ರದ ಅಂಗಾಂಗಗಳನ್ನು ನೋಡಿಕೊಳ್ಳುವ ಕ್ರಮವನ್ನೂ ಕಲಿಸುತ್ತಿದ್ದರು. ಮಾರಿದ ವಾಹನಗಳನ್ನು ತಮ್ಮ ತಜ್ಞರಿಂದ ಆಗಾಗ ಪರಿಶೀಲಿಸುವ ಪದ್ಧತಿಯನ್ನೂ ಇರಿಸಿಕೊಂಡಿದ್ದರು. ವಾಹನದ ಜೊತೆಗೆ ಬರುತ್ತಿದ್ದ ಕೈಪಿಡಿಯು ಯಂತ್ರಕ್ಕೆ ದಿನಚರ್ಯೆಯ ಗ್ರಂಥವೇ ಆಗಿತ್ತು: ದಿನಕ್ಕೊಮ್ಮೆ ಮಾಡತಕ್ಕುದಿಷ್ಟು, ಐನೂರು ಮೈಲಿಗೊಮ್ಮೆ ಇಷ್ಟು, ಸಾವಿರ ಮೈಲಿಗೊಮ್ಮೆ ಇಷ್ಟು, ವರುಷಕ್ಕೊಮ್ಮೆ ಇಷ್ಟು ಎಂದು.

ಈ ಕೈಪಿಡಿಯ ನಿಯಮಗಳು ಶೀತದೇಶದಲ್ಲಿ ಹುಟ್ಟಿದವುಗಳು. ಅವುಗಳನ್ನು ಈ ನಾಡಿನ ಬಿಸಿಲು ತಿದ್ದಬೇಕಾಯಿತು. ಏಕೆ ತಿದ್ದಬೇಕಾಯಿತೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಇಂಜಿನಿನಲ್ಲಿ ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಒದಗುವುದು ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗುವುದು ಅಪರೂಪ. ಉಳಿದುದೆಲ್ಲ ಶಾಖವಾಗಿ ಹೊರಬೀಳಬೇಕು. ಅದರಲ್ಲಿ ಒಂದು ದೊಡ್ಡ ಪಾಲನ್ನು ರೇಡಿಯೇಟರಿನ ನೀರು ಹೊತ್ತು ತಂದು ಗಾಳಿಗೆ ಒಪ್ಪಿಸುತ್ತದೆ. ಗಾಳಿಯು ಎಷ್ಟು ತಂಪಾಗಿದ್ದರೆ ಅಷ್ಟು ಶಾಖವನ್ನು ಸ್ವೀಕರಿಸುತ್ತದೆ. ರೇಡಿಯೇಟರಿನ ನೀರು ೮೦ ಅಂಶದಲ್ಲಿರುವಾಗ ಇಂಗ್ಲೆಂಡಿನ ಬೇಸಗೆಯ ಗಾಳಿ ೨೦ ಅಂಶದಲ್ಲಿದ್ದರೆ ನಡುವಿನ ಅಂತರವು ೬೦ ಅಂಶ. ಗೋಕಾಕ ಸೀಮೆಯ ಬೇಸಗೆಯಲ್ಲಿ ಗಾಳಿ ೪೦ ಅಂಶವನ್ನು ಮುಟ್ಟಿದ ದಿನ ಆ ಅಂತರವು ೪೦ ಅಂಶಕ್ಕೆ ಇಳಿಯುತ್ತದೆ. ಎಂದರೆ ಅದೇ ರೇಡಿಯೇಟರು, ಅದೇ ಬೀಸಣಿಗೆ, ಅದೇ ನೀರು. ಆದರೆ ಶಾಖವನ್ನು ಹೊರಹಾಕುವ ಸಾಮರ್ಥ್ಯದಲ್ಲಿ ಮೂರನೆಯ ಒಂದು ಪಾಲು ಹೋಯಿತು. ಇದರ ಮೇಲೆ ನೆಲದ ಎತ್ತರವೊಂದು. ಸಮುದ್ರಮಟ್ಟದಿಂದ ಸುಮಾರು ಮುನ್ನೂರು ಮೀಟರು ಏರಿದರೆ ತೆರೆದ ಪಾತ್ರೆಯ ನೀರು ಒಂದು ಅಂಶ ಮೊದಲೇ ಕುದಿಯುತ್ತದೆ. ಘಟ್ಟವನ್ನೇರುವಾಗ ಯಂತ್ರದ ಶ್ರಮ ಹೆಚ್ಚು, ವಾಹನದ ವೇಗ ಕಡಿಮೆ, ಮುಖಕ್ಕೆ ಬೀಸುವ ಗಾಳಿಯೂ ಕಡಿಮೆ. ಹೀಗೆ ಎಲ್ಲ ಪ್ರತಿಕೂಲಗಳೂ ಒಂದೇ ಸ್ಥಳದಲ್ಲಿ ಸೇರುತ್ತವೆ. ಆದುದರಿಂದ ಶೀತದೇಶದಲ್ಲಿ ಕ್ಷಮಾರ್ಹವಾದ ಸಣ್ಣ ಅಲಕ್ಷ್ಯವು, ಎಂದರೆ ಸ್ವಲ್ಪ ಸಡಿಲಾದ ಬೀಸಣಿಗೆಯ ಪಟ್ಟಿ, ರೇಡಿಯೇಟರಿನ ಸಂದುಗಳಲ್ಲಿ ಕೂತ ಧೂಳು, ಕೊಳವೆಯೊಳಗೆ ಕಟ್ಟಿದ ಸುಣ್ಣದ ಹೊಪ್ಪಳಿಕೆ, ಇಲ್ಲಿ ಕ್ಷಮಾರ್ಹವಾಗಿ ಉಳಿಯುವುದಿಲ್ಲ.

ಅರಮನೆಯ ಮೋಟಾರುಖಾನೆಯಲ್ಲಿ ಹೊಸ ಶಾಸ್ತ್ರವೊಂದು ಬೆಳೆದುದು ಹೀಗೆ. ಬೆಳಗಾಗುವುದಕ್ಕೆ ಮೊದಲು, ಯಂತ್ರವು ತಣ್ಣಗಿರುವಾಗಲೇ, ರೇಡಿಯೇಟರಿನ ನೀರನ್ನೂ ಇಂಜಿನಿನ ಎಣ್ಣೆಯನ್ನೂ ನೋಡುವುದು. ಟಾಯರಿನ ಗಾಳಿಯನ್ನು ಅಳೆಯುವುದು. ಪೆಟ್ರೋಲನ್ನು ಸೋಸಿ ತುಂಬುವುದು. ಊರು ಸುತ್ತಿ ಬಂದ ಮೇಲೆ ಧೂಳು ತೊಳೆದು, ಗಾಲಿಯ ಗುಂಬವನ್ನು ಕೈಯಿಂದ ಮುಟ್ಟಿ, ಎಲ್ಲಿಯಾದರೂ ಅತಿಯಾದ ಬಿಸಿಯಿದೆಯೋ ಎಂದು ತಿಳಿಯುವುದು. ಇದು ದಿನಚರ್ಯೆ. ಸ್ಪ್ರಿಂಗಿನ ಕೀಲುಗಳು, ಸುಕ್ಕಾಣಿನ ಕೀಲುಗಳು, ಬ್ರೇಕಿನ ಸಲಾಕೆಗಳ ಸಂಧಿಗಳು ಇವುಗಳಿಗೆ ಗ್ರೀಸು ಒತ್ತುವುದು, ಬ್ಯಾಟರಿಗೆ ಬಟ್ಟಿಯಿಳಿಸಿದ ನೀರನ್ನು ಎರೆಯುವುದು, ಬೀಸಣಿಗೆಯ ಪಟ್ಟಿಯನ್ನು ಬಿಗಿಮಾಡುವುದು ವಾರ ಪಕ್ಷಗಳ ಕ್ರಮ. ಆ ಕಾಲದ ದೊಡ್ಡ ವಾಹನಗಳಲ್ಲಿ ಹೀಗೆ ಎಣ್ಣೆ ಗ್ರೀಸುಗಳನ್ನು ಬೇಡುವ ಸ್ಥಾನಗಳು ಹತ್ತಾರಿರುತ್ತಿದ್ದುವು. ಒಂದೊಂದನ್ನೂ ಕೈಯಿಂದಲೇ ಹುಡುಕಿ ತೃಪ್ತಿಪಡಿಸಬೇಕಾಗುತ್ತಿತ್ತು. ಪಾಗಾದಲ್ಲಿ ಕುದುರೆಯ ಗೊರಸನ್ನೆತ್ತಿ ನೋಡಿದ ಕೈಯೇ ಅನೇಕ ಕಡೆ ಗಾಲಿಯ ಕೆಳಗೆ ಮಲಗಿ ಈ ಕೆಲಸವನ್ನು ಕಲಿತಿತು. ಪ್ರಾಣಿಯು ನೋವನ್ನು ಕಣ್ಣಿನಿಂದ ಹೇಳುತ್ತದೆ. ಯಂತ್ರವು ಸದ್ದಿನಿಂದಲೂ ವಾಸನೆಯಿಂದಲೂ ಹೇಳುತ್ತದೆ. ಆ ಭಾಷೆಯನ್ನು ಕಲಿತವನೇ ನಿಜವಾದ ಮೋಟಾರು ಚಾಲಕನೆನಿಸಿದನು.

ಋತುಚರ್ಯೆಯು ಇದಕ್ಕಿಂತಲೂ ಸೂಕ್ಷ್ಮವಾದುದು. ಬೇಸಗೆಗೆ ಮೊದಲು ರೇಡಿಯೇಟರನ್ನು ಹಿಮ್ಮುಖವಾಗಿ ತೊಳೆದು ಕೆಸರನ್ನು ತೆಗೆಯಬೇಕು. ಅದಕ್ಕೆ ಬಾವಿಯ ಗಡಸುನೀರಿಗಿಂತ ಮಳೆಯ ಮೆದುನೀರೇ ಲೇಸು. ಏಕೆಂದರೆ ಗಡಸುನೀರಿನ ಸುಣ್ಣವು ಬಾನಿಯ ತಳದಲ್ಲಿ ಕಟ್ಟುವಂತೆ ಇಂಜಿನಿನ ಗೋಡೆಗೂ ಕಟ್ಟಿಕೊಂಡು ಶಾಖವು ಹೊರಬರುವ ಬಾಗಿಲನ್ನೇ ಮುಚ್ಚುತ್ತದೆ. ಗ್ರೀಷ್ಮದಲ್ಲಿ ತೆಳುವಾದ ಎಣ್ಣೆಯನ್ನು ಬಿಟ್ಟು ದಪ್ಪನೆಯ ಎಣ್ಣೆಯನ್ನು ಬಳಸುವುದು ರೂಢಿಯಾಯಿತು. ಎಣ್ಣೆಯ ದಪ್ಪವನ್ನು ಅಂಕಿಗಳಿಂದ ಗುರುತಿಸುವ ಪದ್ಧತಿಯನ್ನು ಅಮೇರಿಕೆಯ ಮೋಟಾರು ಇಂಜಿನಿಯರುಗಳ ಸಂಘವು ನೆಲೆಗೊಳಿಸಿದ ಮೇಲೆ ಈ ಆಯ್ಕೆಯು ಸುಲಭವಾಯಿತು. ಬ್ಯಾಟರಿಯ ಆಮ್ಲವನ್ನು ಶೀತದೇಶದಲ್ಲಿರುವುದಕ್ಕಿಂತ ತುಸು ತೆಳುವಾಗಿಡುವುದೂ ಉಷ್ಣದೇಶದ ವಿಶೇಷ ವಿಧಿ. ಅಲ್ಲಿ ಅದರ ಸಾಂದ್ರತೆ ನೀರಿನ ೧.೨೮ರಷ್ಟಿದ್ದರೆ ಇಲ್ಲಿ ೧.೨೪ರಷ್ಟು ಸಾಕು, ಇದರಿಂದ ಒಳಗಿನ ಸೀಸದ ಫಲಕಗಳು ಹೆಚ್ಚು ಕಾಲ ಬಾಳುತ್ತವೆ. ವರ್ಷಾಋತುವಿಗೆ ಮೊದಲು ತಂತಿಗಳ ಹೊದಿಕೆಯನ್ನೂ ಬ್ರೇಕುಗಳನ್ನೂ ಪರೀಕ್ಷಿಸುವುದು, ಮಳೆಯ ನಂತರ ತಳಭಾಗದ ಕೆಸರನ್ನು ಕೆರೆದು ತುಕ್ಕಿಗೆ ಎಡೆಗೊಡದಂತೆ ಎಣ್ಣೆ ಸವರುವುದು, ಸುಗ್ಗಿಯ ದಿನಗಳಲ್ಲಿ ಧೂಳು ಹೆಚ್ಚಾದಾಗ ಎಣ್ಣೆಯನ್ನು ಬೇಗ ಬದಲಿಸುವುದು, ಇವೆಲ್ಲ ಋತುವನ್ನನುಸರಿಸಿದ ನಿಯಮಗಳು. ಧೂಳಿಯಲ್ಲಿರುವ ಮರಳಿನ ಕಣವು ಇಂಜಿನಿನ ಕಬ್ಬಿಣಕ್ಕಿಂತ ಗಡುಸು. ಅದು ಎಣ್ಣೆಯೊಡನೆ ಸೇರಿತೆಂದರೆ ಎಣ್ಣೆಯೇ ಸಾಣೆಯಾಗಿ ಯಂತ್ರವನ್ನು ತಿನ್ನತೊಡಗುತ್ತದೆ.

ಈ ಪರಿಚರ್ಯೆಯ ಫಲವು ಯುದ್ಧಭೂಮಿಯಲ್ಲಿಯೂ ಕಂಡುಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಸಿಲ್ವರ್ ಘೋಸ್ಟಿನ ಅಡಿಗಟ್ಟಿನ ಮೇಲೆ ಉಕ್ಕಿನ ಕವಚವನ್ನು ಹೊದಿಸಿದ ವಾಹನಗಳು ಅರಬಸ್ಥಾನದ ಮರಳುಗಾಡಿನಲ್ಲಿ ಓಡಾಡಿದುವು. ಅರಸರ ಮೆರವಣಿಗೆಗೆಂದು ಹುಟ್ಟಿದ ಯಂತ್ರವು ಮರುಭೂಮಿಯ ಬೇಗೆಯಲ್ಲಿ ನಿಂತುಕೊಂಡುದಕ್ಕೆ ಅದರ ನಿರ್ಮಾಣವು ಎಷ್ಟು ಕಾರಣವೋ ಸಂಜೆಯ ಹೊತ್ತಿಗೆ ಅದರ ಕೆಳಗೆ ಮಲಗಿದ ಸೈನಿಕ ಮಿಸ್ತ್ರಿಗಳ ಶ್ರಮವೂ ಅಷ್ಟೇ ಕಾರಣ.

ಕಾಲಕ್ರಮದಲ್ಲಿ ನಿರ್ಮಾಪಕರು ಪರಿಚರ್ಯೆಯ ಭಾರವನ್ನು ತಗ್ಗಿಸಲು ಉಪಾಯಗಳನ್ನು ಹುಡುಕಿದರು. ೧೯೩೦ರ ದಶಕದ ದೊಡ್ಡ ವಾಹನಗಳಲ್ಲಿ, ಕಾಲಿನಿಂದ ಒಂದು ಪೆಡಲನ್ನೊತ್ತಿದೊಡನೆ ಸಣ್ಣ ಕೊಳವೆಗಳ ಮೂಲಕ ತಳಭಾಗದ ಕೀಲುಗಳಿಗೆಲ್ಲ ಎಣ್ಣೆ ಹರಿಯುವ ವ್ಯವಸ್ಥೆಯು ಬಂದಿತು. ಆದರೆ ಸೌಕರ್ಯವು ಹೆಚ್ಚಿದಂತೆ ಯಂತ್ರವು ಹೆಚ್ಚು ಸುಕುಮಾರವೂ ಆಯಿತು. ಇದಕ್ಕೆ ೧೯೩೬ರಿಂದ ೧೯೩೯ರ ವರೆಗೆ ತಯಾರಾದ ಮೂರನೆಯ ಫ್ಯಾಂಟಮ್ ಎಂಬ ರೋಲ್ಸ್‌–ರಾಯ್ಸ್ ಮಾದರಿಯೇ ದೃಷ್ಟಾಂತ. ಹನ್ನೆರಡು ಸಿಲಿಂಡರುಗಳುಳ್ಳ ಅದರ ಇಂಜಿನಿನ ಮೈ ಅಲ್ಯುಮಿನಿಯಮ್ಮಿನದು. ಸದ್ದಡಗಿಸಲು ಕವಾಟಗಳಿಗೆ ಎಣ್ಣೆಯ ಒತ್ತಡದಿಂದ ತಾವೇ ಹೊಂದಿಕೊಳ್ಳುವ ಒತ್ತುಗುಂಡಿಗಳನ್ನು ಅಳವಡಿಸಿದ್ದರು. ಎಣ್ಣೆ ಶುದ್ಧವಾಗಿದ್ದಷ್ಟು ದಿನ ಆ ವಾಹನದ ನಡೆಯು ನಿಶ್ಶಬ್ದವಾದುದು. ಎಣ್ಣೆಯನ್ನು ಕಾಲಕ್ಕೆ ಬದಲಿಸದೆ ಮಡ್ಡಿ ಕಟ್ಟಿದರೆ ಆ ಒತ್ತುಗುಂಡಿಗಳ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತಿದ್ದುವು. ನೀರನ್ನು ಅಲಕ್ಷಿಸಿದರೆ ಅಲ್ಯುಮಿನಿಯಮ್ಮಿನ ಗೋಡೆಯು ಒಳಗಿನಿಂದ ಸವೆಯುತ್ತಿತ್ತು. ಕಡೆಗೆ ನಿರ್ಮಾಪಕರೇ ೧೯೩೮ರಲ್ಲಿ ಆ ಒತ್ತುಗುಂಡಿಗಳನ್ನು ಬಿಟ್ಟು ಹಳೆಯ ಗಟ್ಟಿಯಾದ ರೀತಿಗೆ ಮರಳಿದರು. ಬೆಲೆ ಹೆಚ್ಚಾದರೆ ಅಲಕ್ಷ್ಯವನ್ನು ಸಹಿಸುವ ಶಕ್ತಿಯೂ ಹೆಚ್ಚುವುದೆಂದು ಸಾಮಾನ್ಯರು ಭಾವಿಸುತ್ತಾರೆ. ಸತ್ಯವು ಇದಕ್ಕೆ ವಿಪರೀತವಾಗಿದೆ: ಚಕ್ಕಡಿಯು ಒಂದು ವಾರದ ಮರೆವನ್ನು ಕ್ಷಮಿಸೀತು, ರಾಜವಾಹನವು ಕ್ಷಮಿಸದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಓಡಿದ ವಾಹನವು ಸವೆಯುವಂತೆ ನಿಂತ ವಾಹನವೂ ಸವೆಯುತ್ತದೆ. ಹೈದರಾಬಾದಿನ ನಿಜಾಮರಿಗಾಗಿ ೧೯೧೨ರಲ್ಲಿ ಸಿದ್ಧವಾದ ಹಳದಿ ಬಣ್ಣದ ಸಿಂಹಾಸನ ಮೋಟಾರು ಒಟ್ಟು ಓಡಿದುದು ನಾನೂರು ಮೈಲಿಗೂ ಕಡಿಮೆ. ಮೈಲಿಯ ಲೆಕ್ಕದಿಂದ ನೋಡಿದರೆ ಅದು ಹೊಸದೇ. ಆದರೂ ಮುಂದೆ ಅದನ್ನು ಜೀರ್ಣೋದ್ಧಾರ ಮಾಡಬೇಕಾಯಿತು. ಇಂದು ಅದು ಚೌಮಹಲ್ಲಾ ಅರಮನೆಯಲ್ಲಿದೆ. ನಿಂತಲ್ಲಿಯೇ ರಬ್ಬರು ಒಣಗಿ ಸೀಳುತ್ತದೆ, ಚರ್ಮ ಬಿರಿಯುತ್ತದೆ, ಪೆಟ್ರೋಲು ಅಂಟಾಗುತ್ತದೆ, ಬ್ಯಾಟರಿಯ ಫಲಕಗಳ ಮೇಲೆ ಬಿಳಿಯ ಹೊರೆ ಕಟ್ಟುತ್ತದೆ, ಟಾಯರು ಒಂದೇ ಮಗ್ಗುಲಲ್ಲಿ ಚಪ್ಪಟೆಯಾಗುತ್ತದೆ. ರಾಸಾಯನಿಕ ಕ್ರಿಯೆಗಳ ವೇಗವು ಹತ್ತು ಅಂಶಗಳ ಉಷ್ಣತೆಗೆ ಸುಮಾರು ಇಮ್ಮಡಿಯಾಗುವುದೆಂಬುದು ರಸಾಯನಶಾಸ್ತ್ರಜ್ಞರ ಸ್ಥೂಲನಿಯಮ. ಆದುದರಿಂದ ಉಷ್ಣದೇಶದಲ್ಲಿ ನಿಂತ ವಾಹನಕ್ಕೆ ಮುಪ್ಪು ಬೇಗ ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರವಾಗಿ, ಬಸ್ಸುಗಳು ಇದ್ದಲಿನ ಅನಿಲದಿಂದ ಓಡತೊಡಗಿದಾಗ, ಅರಮನೆಗಳ ಅನೇಕ ವಾಹನಗಳು ನಿಂತೇ ಉಳಿದುವು. ಆಗ ಜಾಣರಾದ ಚಾಲಕರು ಅಡಿಗಟ್ಟಿಗೆ ಮರದ ದಿಮ್ಮಿಗಳನ್ನು ಕೊಟ್ಟು ಗಾಲಿಗಳ ಮೇಲಿನ ಭಾರವನ್ನಿಳಿಸಿ, ಆಗಾಗ ಇಂಜಿನನ್ನು ತಿರುಗಿಸಿ, ಎಣ್ಣೆಯು ಒಳಗೆಲ್ಲ ಹರಿಯುವಂತೆ ಮಾಡುತ್ತಿದ್ದರು. ಮೈಲಿಯ ಲೆಕ್ಕವೊಂದೇ ಸಾಲದು, ಪಂಚಾಂಗದ ಲೆಕ್ಕವೂ ಬೇಕೆಂಬ ತತ್ತ್ವವು ಹೀಗೆ ದೃಢವಾಯಿತು.

ಇದಕ್ಕೆ ಅನುಕೂಲವಾದ ನಿದರ್ಶನವೂ ಕೊಲ್ಲಾಪುರದಲ್ಲಿಯೇ ಇದೆ. ಛತ್ರಪತಿ ರಾಜಾರಾಮ ಮಹಾರಾಜರ ಆಳಿಕೆಯಲ್ಲಿ, ೧೯೩೦ರ ದಶಕದಲ್ಲಿ, ಜರ್ಮನಿಯ ಮೇಬ್ಯಾಕ್ ಕಾರಖಾನೆಯ ಒಂದು ಭವ್ಯವಾದ ಮೋಟಾರು ಆ ಸಂಸ್ಥಾನಕ್ಕೆ ಬಂದಿತು. ಸಂಸ್ಥಾನವು ೧೯೪೯ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಳಿದವರು ಹೋದರು, ಆಳಿಕೆಯೂ ಹೋಯಿತು. ಆದರೂ ಆ ವಾಹನವು ವಿಜಯದಶಮಿಯ ಸಂಜೆ ರಾಜಮನೆತನದವರನ್ನು ಹೊತ್ತು ದಸರೆಯ ಮೈದಾನಕ್ಕೆ ಬರುವ ಪದ್ಧತಿಯು ಸ್ವಾತಂತ್ರ್ಯದ ನಂತರವೂ ದಶಕಗಳುದ್ದಕ್ಕೂ ನಡೆದುಬಂದಿತು. ವರುಷಕ್ಕೊಂದು ದಿನ ಸಾವಿರಾರು ಜನರ ಕಣ್ಣೆದುರಿಗೆ ತಪ್ಪದೆ ಓಡಬೇಕಾದ ಯಂತ್ರಕ್ಕೆ ಉಳಿದ ದಿನಗಳಲ್ಲಿ ಎಷ್ಟು ನಿಷ್ಠೆಯ ಸೇವೆ ಬೇಕೆಂಬುದನ್ನು ವಾಚಕರೇ ಊಹಿಸಬಹುದು. ನೆರೆದ ಜನರು ನೋಡುವುದು ಒಂದು ಸಂಜೆಯ ಮೆರವಣಿಗೆಯನ್ನು. ಅದರ ಹಿಂದೆ ಮಿಕ್ಕ ದಿನಗಳ ಕಾಣದ ಕೈಗಳಿವೆ.

ಎಲ್ಲ ಸಂಸ್ಥಾನಗಳಲ್ಲಿಯೂ ಆ ಕೈಗಳು ಉಳಿಯಲಿಲ್ಲ. ೧೯೭೧ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ರಾಜಧನವು ರದ್ದಾದಾಗ ಅರಮನೆಗಳ ಮೋಟಾರುಖಾನೆಗಳು ಬರಿದಾಗತೊಡಗಿದುವು. ವಾಹನಗಳು ಮಾರಾಟವಾದುವು, ಚಾಲಕರೂ ಮಿಸ್ತ್ರಿಗಳೂ ಬೇರೆ ಉದ್ಯೋಗಗಳನ್ನು ಹುಡುಕಿಕೊಂಡರು. ಪರದೇಶದ ಬಿಡಿಭಾಗಗಳ ಆಮದು ಕಠಿಣವಾಗಿದ್ದ ಕಾಲವದು. ಕೆಲವು ವಾಹನಗಳು ಬಲ್ಲವರ ಕೈಸೇರಿ ಬದುಕಿದುವು, ಕೆಲವು ಹಿತ್ತಿಲಿನಲ್ಲಿ ಕೋಳಿಗಳಿಗೆ ಗೂಡಾದುವು. ವಾಹನವು ಅದೇ, ಉಕ್ಕು ಅದೇ, ಬಿಸಿಲೂ ಅದೇ; ವ್ಯತ್ಯಾಸವಾದುದು ದಿನಚರ್ಯೆಯೊಂದೇ. ಧರ್ಮಸ್ಥಳದ ಮೋಟಾರು ಸಂಗ್ರಹಾಲಯದಲ್ಲಿಯೂ ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಸಂಗ್ರಹಾಲಯದಲ್ಲಿಯೂ ಇಂದು ಹಳೆಯ ವಾಹನಗಳು ನೋಡಲು ದೊರೆಯುತ್ತವೆ. ಅಂಥ ಸ್ಥಳಗಳಲ್ಲಿ ನೋಡುವವರ ಗಮನವು ವಾಹನದ ಹೆಸರಿಗೂ ಅದನ್ನು ಕೊಂಡವರ ಹೆಸರಿಗೂ ಸಲ್ಲುತ್ತದೆ. ಅದನ್ನು ಮೂವತ್ತು ವರುಷ ಓಡುವಂತೆ ಇಟ್ಟವನ ಹೆಸರನ್ನು ಕೇಳುವವರು ವಿರಳ. ದೇವಾಲಯದ ಶಾಸನದಲ್ಲಿ ದಾನಿಯ ಹೆಸರಿನೊಡನೆ ಕೆಲವೊಮ್ಮೆ ರೂವಾರಿಯ ಹೆಸರೂ ಉಳಿದಿದೆ. ಮೋಟಾರಿನ ಚರಿತ್ರೆಯಲ್ಲಿ ಅಷ್ಟು ಭಾಗ್ಯವೂ ಮಿಸ್ತ್ರಿಗೆ ದೊರೆತಿಲ್ಲ. ಚರಿತ್ರಕಾರನಿಗೆ ಇದು ದೊಡ್ಡ ನಷ್ಟವೇ ಸರಿ, ಏಕೆಂದರೆ ಅವನೊಡನೆ ಹೋದುದು ಹೆಸರು ಮಾತ್ರವಲ್ಲ, ಬಿಸಿಲಿಗೆ ತಕ್ಕಂತೆ ತಿದ್ದಿದ ಆ ಕಾಲನಿಯಮದ ವಿದ್ಯೆಯೂ ಹೋಯಿತು.

ಇಂದಿನ ಬೆಲೆಯುಳ್ಳ ಮೋಟಾರುಗಳು ಅರಮನೆಗಳಿಂದ ಗೃಹಸ್ಥರ ಮನೆಗಳಿಗೆ ಇಳಿದುಬಂದಿವೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ, ಸಂಕೇಶ್ವರಗಳನ್ನು ದಾಟಿ ಬೆಳಗಾವಿಗೆ ಹೋಗುವ ವಾಹನಗಳಲ್ಲಿ ಅಂಥವು ಎಷ್ಟೋ. ಅವುಗಳ ಯಂತ್ರವು ತನ್ನ ಅವಸ್ಥೆಯನ್ನು ತಾನೇ ದೀಪದ ಸಂಜ್ಞೆಯಿಂದ ತಿಳಿಸುತ್ತದೆ. ಆದುದರಿಂದ ದಿನಚರ್ಯೆಯು ಅನಾವಶ್ಯಕವೆಂಬ ಹಳೆಯ ಭ್ರಮೆಯು ಹೊಸ ರೂಪದಲ್ಲಿ ಮರಳಿದೆ. ನಿರ್ಮಾಪಕರ ಪುಸ್ತಕದಲ್ಲಿ ಎಣ್ಣೆ ಬದಲಿಸುವ ಅವಧಿಯು ಸಾಮಾನ್ಯವಾಗಿ ಹತ್ತರಿಂದ ಹದಿನೈದು ಸಾವಿರ ಕಿಲೋಮೀಟರು ಅಥವಾ ಒಂದು ವರುಷ, ಯಾವುದು ಮೊದಲೋ ಅದು, ಎಂದಿರುತ್ತದೆ. ಅದೇ ಪುಸ್ತಕಗಳು ಅತಿಯಾದ ಬಿಸಿಲು, ಧೂಳು, ಚಿಕ್ಕ ಚಿಕ್ಕ ಓಡಾಟ ಇವುಗಳಿದ್ದಲ್ಲಿ ಅವಧಿಯನ್ನು ಕಡಿಮೆ ಮಾಡಬೇಕೆಂದೂ ಹೇಳುತ್ತವೆ. ಮೊದಲ ವಾಕ್ಯವನ್ನು ಓದುವವರು ಅನೇಕರು, ಎರಡನೆಯದನ್ನು ಓದುವವರು ವಿರಳ.

ಹಳೆಯ ಋತುಚರ್ಯೆಯನ್ನೇ ಇಂದಿನ ಯಂತ್ರಕ್ಕೆ ಹೊಂದಿಸಿದರೆ ನಿಯಮಗಳು ಹೀಗಾಗುತ್ತವೆ. ಮಾಘ ಫಾಲ್ಗುಣಗಳಲ್ಲಿ, ಬಿಸಿಲೇರುವುದಕ್ಕೆ ಮೊದಲು, ರೇಡಿಯೇಟರಿನ ದ್ರವವನ್ನೂ ಅದರ ಮುಚ್ಚಳವನ್ನೂ ರಬ್ಬರಿನ ಕೊಳವೆಗಳನ್ನೂ ನೋಡಿಸಬೇಕು. ಈಗಿನ ರೇಡಿಯೇಟರು ಒತ್ತಡದಲ್ಲಿ ಕೆಲಸ ಮಾಡುವುದರಿಂದ ನೂರು ಅಂಶವನ್ನು ದಾಟಿದರೂ ಅದರ ದ್ರವವು ಕುದಿಯುವುದಿಲ್ಲ. ಆದರೆ ಮುಚ್ಚಳದ ರಬ್ಬರು ಸೋರಿದರೆ ಆ ರಕ್ಷಣೆಯೆಲ್ಲ ವ್ಯರ್ಥ. ಅದರಲ್ಲಿ ಬರಿಯ ನಲ್ಲಿಯ ನೀರನ್ನು ತುಂಬುವುದು ದೊಡ್ಡ ತಪ್ಪು, ಏಕೆಂದರೆ ತುಕ್ಕನ್ನು ತಡೆಯುವ ಔಷಧವು ಆ ದ್ರವದಲ್ಲಿಯೇ ಇದೆ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆಗೆಯುವುದು ಪ್ರಾಣಾಪಾಯಕರ. ಟಾಯರಿನ ಗಾಳಿಯನ್ನು ಬೆಳಗಿನ ತಂಪಿನಲ್ಲಿಯೇ ಅಳೆಯಬೇಕು. ಉಷ್ಣತೆಯು ಐದಾರು ಅಂಶ ಏರಿದರೆ ಒತ್ತಡವು ಸುಮಾರು ಒಂದು ಪೌಂಡು ಏರುತ್ತದೆ. ಓಡಿ ಬಿಸಿಯಾದ ಟಾಯರಿನಿಂದ ಗಾಳಿ ಬಿಟ್ಟರೆ ತಣಿದ ಮೇಲೆ ಅದು ಕಡಿಮೆಯಾಗಿ, ಮರುದಿನ ಮೈ ಮಡಚಿ ಇನ್ನೂ ಬಿಸಿಯಾಗುತ್ತದೆ. ಕಬ್ಬು ಸಾಗಿಸುವ ಕಾಲದ ಧೂಳಿನಲ್ಲಿ ಗಾಳಿಯ ಸೋಸಣಿಗೆಯನ್ನು ಪುಸ್ತಕದ ಅವಧಿಗಿಂತ ಮೊದಲೇ ತೆಗೆದು ನೋಡಬೇಕು. ಬ್ಯಾಟರಿಯು ಬೇಸಗೆಯಲ್ಲಿ ಸವೆದು ಮಳೆಗಾಲದ ಬೆಳಗಿನಲ್ಲಿ ಕೈಕೊಡುತ್ತದೆ. ಅದನ್ನು ಜ್ಯೇಷ್ಠದ ಒಳಗೇ ಪರೀಕ್ಷಿಸಿದರೆ ಲೇಸು.

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕಿನ ದ್ರವ. ಅದು ಗಾಳಿಯ ತೇವವನ್ನು ತಾನಾಗಿಯೇ ಹೀರುತ್ತದೆ. ಸಾಮಾನ್ಯವಾಗಿ ಬಳಸುವ ನಾಲ್ಕನೆಯ ದರ್ಜೆಯ ದ್ರವವು ಹೊಸದಿರುವಾಗ ೨೩೦ ಅಂಶದ ವರೆಗೆ ಕುದಿಯಬಾರದೆಂದು ನಿಯಮವಿದೆ. ತೇವವನ್ನು ಹೀರಿದ ಮೇಲೆ ಆ ಮಿತಿಯು ೧೫೫ ಅಂಶಕ್ಕೆ ಇಳಿಯುತ್ತದೆ. ಅಂಬೋಲಿಯ ಘಟ್ಟವನ್ನು ಇಳಿಯುವಾಗ ಬ್ರೇಕನ್ನು ಬಿಡದೆ ಒತ್ತಿದರೆ ಬಿಸಿಯೇರಿ ಹಳೆಯ ದ್ರವವು ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುವುದೇ ಹೊರತು ಗಾಲಿಯನ್ನು ಹಿಡಿಯುವುದಿಲ್ಲ. ಕಾಲ ಕೆಳಗಿನ ಪೆಡಲು ಬರಿದಾಗಿ ನೆಲವನ್ನು ಮುಟ್ಟುವ ಆ ಕ್ಷಣದಲ್ಲಿ ವಾಹನದ ಬೆಲೆಯೂ ಹೆಸರೂ ಒಳಗೆ ಕುಳಿತ ಕುಟುಂಬವನ್ನು ಕಾಯಲಾರವು. ಎರಡು ವರುಷಕ್ಕೊಮ್ಮೆ ಆ ದ್ರವವನ್ನು ಬದಲಿಸುವ ವೆಚ್ಚವು ಅಂಥ ವಾಹನದ ಒಂದು ದೀಪದ ಬೆಲೆಗಿಂತಲೂ ಕಡಿಮೆಯಾದುದು. ಅದು ಕಣ್ಣಿಗೆ ಕಾಣದುದರಿಂದಲೇ ಮರೆತುಹೋಗುತ್ತದೆ.

ಮಹಾನವಮಿಯಂದು ಈ ಸೀಮೆಯ ಮನೆಮನೆಗಳಲ್ಲಿ ಖಂಡೇಪೂಜೆ ನಡೆಯುತ್ತದೆ. ನೇಗಿಲು, ಕುಡುಗೋಲು, ತಕ್ಕಡಿಗಳ ಸಾಲಿನಲ್ಲಿ ಮೋಟಾರಿಗೂ ಕುಂಕುಮ ಬೀಳುತ್ತದೆ. ಗಾಲಿಯ ಕೆಳಗೆ ನಿಂಬೆಹಣ್ಣು ಒಡೆಯುತ್ತದೆ. ಆಯುಧವನ್ನು ಪೂಜಿಸುವುದಕ್ಕೆ ಮೊದಲು ಅದನ್ನು ತೊಳೆದು, ಮಸೆದು, ಎಣ್ಣೆ ಸವರುವುದು ಹಿರಿಯರ ಪದ್ಧತಿ. ಎಂದರೆ ಆ ಪೂಜೆಯು ವರುಷದ ಪರಿಚರ್ಯೆಗೆ ಮುಡಿಸಿದ ಹೂವೇ ಹೊರತು ಪರಿಚರ್ಯೆಗೆ ಬದಲಾದುದಲ್ಲ. ಬೆಲ್ಲವನ್ನು ಕುದಿಸುವವನು ಕೊಪ್ಪರಿಗೆಯ ಮುಂದೆ ನಿಂತು ಕಾಲಕಾಲಕ್ಕೆ ಮಡ್ಡಿಯನ್ನು ತೆಗೆಯುತ್ತಾನೆ. ಒಂದು ಗಳಿಗೆ ಮರೆತನೆಂದರೆ ಹದವು ಕೆಡುತ್ತದೆ, ಆಮೇಲೆ ಎಷ್ಟು ಹಣ ಸುರಿದರೂ ಆ ಹದವು ಮರಳುವುದಿಲ್ಲ. ೧೯೦೮ರಲ್ಲಿ ಆರು ಘಟ್ಟಗಳನ್ನು ದಾಟಿ ಕೊಲ್ಲಾಪುರದ ಪರೀಕ್ಷೆಯನ್ನು ಗೆದ್ದ ವಾಹನಕ್ಕೂ, ದಸರೆಯ ಸಂಜೆ ತಪ್ಪದೆ ಹೊರಟುಬಂದ ಮೇಬ್ಯಾಕಿಗೂ, ಇಂದು ಗೃಹಸ್ಥನ ಅಂಗಳದಲ್ಲಿ ನಿಂತಿರುವ ಮೋಟಾರಿಗೂ ಈ ಒಂದೇ ನ್ಯಾಯವು ಅನ್ವಯಿಸುತ್ತದೆ. ಕೊಂಡವನ ಹಣವು ವಾಹನವನ್ನು ಮನೆಗೆ ತರುತ್ತದೆ. ಅದನ್ನು ಮನೆಗೆ ಮರಳಿ ಮುಟ್ಟಿಸುವುದು ಕಾಲಕ್ಕೆ ತಪ್ಪದ ಕೈ.